ಕೆಟ್ಟ ಲ್ಯಾಪ್‌ಟಾಪಿನ ವಿನಿಮಯ ಮೀಮಾಂಸೆ: ಯಗಟಿ ಹೋಬಳಿಯನ್ನು ಅನುಲಕ್ಷಿಸಿ ಒಂದು ಅಧ್ಯಯನ

1. ಪ್ರಸ್ತಾವನೆ

ಕೆಟ್ಟುಹೋದ ಲ್ಯಾಪ್‌ಟಾಪೊಂದನ್ನು ಅಂಗಡಿಗೆ ಹಿಂತಿರುಗಿಸಿ, ಬದಲಿಗೆ ಕೆಡದ ಲ್ಯಾಪ್‌ಟಾಪೊಂದನ್ನು ಪಡೆಯುವ ಪ್ರಕ್ರಿಯೆಯ ಸಾಮಾಜಿಕ, ಸಾಂಸ್ಕೃತಿಕ, ಭಾಷಿಕ ಹಾಗೂ ತಾತ್ವಿಕ ಆಯಾಮಗಳನ್ನು ಕಡೂರು ತಾಲ್ಲೂಕು ಯಗಟಿ ಹೋಬಳಿಯ ನೆಲೆಯಲ್ಲಿ ನಿಂತು ಶೋಧಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ‘ನೆಲೆಯಲ್ಲಿ ನಿಂತು’ ಎಂಬುದು ಇಲ್ಲಿ ಅಲಂಕಾರವಲ್ಲ. ಕ್ಷೇತ್ರಕಾರ್ಯದ ಬಹುಪಾಲು ನಿಂತೇ ನಡೆಯಿತು. ಕೌಂಟರಿನ ಈಚೆ ಕುರ್ಚಿ ಇರಲಿಲ್ಲ.

ಈ ವಿಷಯದಲ್ಲಿ ಕನ್ನಡದಲ್ಲಿ ಈವರೆಗೆ ಗಂಭೀರ ಅಧ್ಯಯನ ನಡೆದಿಲ್ಲವೆಂಬುದು ವಿಷಾದದ ಸಂಗತಿ. (ನಡೆದಿದ್ದರೂ ಹೀಗೆ ಬರೆಯುವುದು ಪ್ರಸ್ತಾವನೆಯ ಸಂಪ್ರದಾಯ.) ಅಧ್ಯಯನಕಾರನು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕೊನೇ ಸಾಲಿನಲ್ಲಿ ಕೂತು ‘ಪರಿಪ್ರೇಕ್ಷ್ಯ’, ‘ಸಂಕಥನ’, ‘ಯಾಜಮಾನ್ಯ’, ‘ಮುಖಾಮುಖಿ’ ಮುಂತಾದ ಶಬ್ದಗಳನ್ನು ಕೇಳುತ್ತಾ ಊಟದ ಗಂಟೆಗೆ ಕಾದವನು. ಆ ಶಬ್ದಗಳು ಬದುಕಿನಲ್ಲಿ ಯಾವತ್ತಾದರೂ ಉಪಯೋಗಕ್ಕೆ ಬರುತ್ತವೆಂದು ಅವನು ನಂಬಿರಲಿಲ್ಲ. ಅಂಗಡಿಯವರು ‘ಆಸ್ ಪರ್ ಪಾಲಿಸಿ’ ಎಂದಾಗ ಜ್ಞಾನೋದಯವಾಯಿತು. ಅರ್ಥವಾಗದ ಮಾತಿಗೆ ಅರ್ಥವಾಗದ ಮಾತೇ ಮದ್ದು, ಮುಳ್ಳಿಗೆ ಮುಳ್ಳಿದ್ದ ಹಾಗೆ. ಆ ಮದ್ದನ್ನು ಅರೆಯುವುದೇ ಈ ಪ್ರಬಂಧದ ಉದ್ದೇಶ.

2. ವ್ಯಾಪ್ತಿ, ಮಿತಿ ಮತ್ತು ಮಾನ

ವ್ಯಾಪ್ತಿ: ಒಂದು ಲ್ಯಾಪ್‌ಟಾಪ್, ಒಂದು ಅಂಗಡಿ, ಒಂದು ಅಧಿಕೃತ ಸರ್ವಿಸ್ ಸೆಂಟರ್, ಒಂದು ಟೋಲ್-ಫ್ರೀ ನಂಬರು. ಮಿತಿ: ಅಧ್ಯಯನಕಾರನ ತಾಳ್ಮೆ. ಅಂಗಡಿಯ ಹೆಸರನ್ನು ಸಂಶೋಧನಾ ನೀತಿಗೆ ಬದ್ಧನಾಗಿ ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ. ‘ಎಲ್ಲಿಗೆ ಹೋದ್ರೂ ಇದೇ ಸಾರ್’ ಎಂದು ಅಂಗಡಿಯವರೇ ಸಮಾಧಾನ ಹೇಳಿದ್ದಾರೆ.

ಬಿಲ್ಲಿನ ಮೊತ್ತ, ಶೇಕಡ 18ರ ಜಿಎಸ್‌ಟಿ ಸೇರಿ, 52,990 ರೂಪಾಯಿ. ರೂಪಾಯಿ ಎಂಬುದು ಅಮೂರ್ತ ಮಾನವಾದ್ದರಿಂದ ಇದನ್ನು ಸ್ಥಳೀಯ ಜ್ಞಾನಪರಂಪರೆಯ ಮಾನಕ್ಕೆ ಇಳಿಸಬೇಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. (ಆ ಬೆಲೆ ಯಾರ ಕೈಗೆ ಎಷ್ಟು ಸಿಕ್ಕಿತು ಎಂಬುದು ಇನ್ನೊಂದು ಪ್ರಬಂಧದ ವಸ್ತು.) ಅಂದರೆ ಎರಡು ಕೆಜಿಯೂ ತೂಗದ ಈ ಯಂತ್ರ ನಾಲ್ಕು ಕ್ವಿಂಟಲ್ ನಲವತ್ತೆರಡು ಕೆಜಿ ಕೊಬ್ಬರಿಗೆ ಸಮ. ಕಾಯಿ ಕೀಳಿಸಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಇಂಗಿ ಗಿಟುಕು ಲೊಟಲೊಟ ಅಂದಮೇಲೆ ಇಳಿಸಿ, ಸುಲಿಸಿ, ಚಿಪ್ಪು ಒಡೆಸಿ, ಚೀಲ ಹೊಲಿಸಿದರೆ ಅದು ಕೊಬ್ಬರಿ. ಕೊಬ್ಬರಿಯಾಗಲು ಹನ್ನೊಂದು ತಿಂಗಳು ಹಿಡಿದದ್ದು ಲ್ಯಾಪ್‌ಟಾಪಾಗಲು ಹಿಡಿದದ್ದು ಹನ್ನೊಂದು ನಿಮಿಷ. ಆ ಲ್ಯಾಪ್‌ಟಾಪು ತಿರುಗಿ ದುಡ್ಡಾಗಲು ಎಷ್ಟು ಕಾಲ ಬೇಕು? ಇದೇ ಈ ಸಂಶೋಧನೆಯ ಮೂಲಪ್ರಶ್ನೆ.

3. ದೋಷದ ಲಜ್ಜಾಶೀಲತೆ

ಲ್ಯಾಪ್‌ಟಾಪು ತಮ್ಮನ ಮಗಳಿಗಾಗಿ ಕೊಂಡದ್ದು. ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಮೂರನೇ ದಿನ ರಾತ್ರಿ ‘ದೊಡ್ಡಪ್ಪ, ಪರದೆ ಕಪ್ಪಗಾಗ್ತಿದೆ’ ಎಂದಳು. ಬಟನ್ ಒತ್ತಿದರೆ ಬರುತ್ತದೆ, ಅರ್ಧ ಗಂಟೆಗೆ ಮತ್ತೆ ಕಪ್ಪು. ನಾಲ್ಕನೇ ದಿನ ಡಬ್ಬಿ ಸಮೇತ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿ ಅದು ಮೊದಲ ರಾತ್ರಿಯ ಮದುವಣಗಿತ್ತಿಯಂತೆ ಬೆಳಗುತ್ತಾ ಕೂತಿತು.

ದೋಷವು ತಜ್ಞರ ಸಮ್ಮುಖದಲ್ಲಿ ಪ್ರಕಟವಾಗುವುದಿಲ್ಲ ಎಂಬುದು ಇಲ್ಲಿ ಸಿದ್ಧವಾಗುವ ಮೊದಲ ಸೂತ್ರ. ಮಗುವಿನ ಜ್ವರ ಡಾಕ್ಟರ ಬಾಗಿಲಲ್ಲಿ ಇಳಿಯುತ್ತದೆ; ಕೆಟ್ಟ ಪಂಪ್‌ಸೆಟ್ಟು ಮೋಟಾರು ಕಟ್ಟುವವನು ಬಂದ ಕೂಡಲೇ ನೀರೆತ್ತುತ್ತದೆ. ದೋಷಕ್ಕೆ ನಾಚಿಕೆ ಇದೆ. ದೋಷವಿರುವ ಮಾಲು ಮಾರಿದವರಿಗೂ ಅದು ಇದ್ದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಕ್ಷೇತ್ರಕಾರ್ಯದಲ್ಲಿ ದೊರೆತ ಸಂವಾದವನ್ನು ಯಥಾವತ್ತಾಗಿ ಕೊಡುತ್ತಿದ್ದೇನೆ:

‘ಚೆನ್ನಾಗೇ ಇದೆಯಲ್ಲ ಅಂಕಲ್.’

‘ಮನೇಲಿ ಆಫ್ ಆಗುತ್ತೆ ಕಣಪ್ಪ.’

‘ಮನೆ ಎಲ್ಲಿ?’

‘ಯಗಟಿ.’

‘ಹಾಂ.’

ಈ ‘ಹಾಂ’ ಎಂಬ ಏಕಾಕ್ಷರ ಪಠ್ಯದ ಒಳವಿನ್ಯಾಸವನ್ನು ಬಿಡಿಸಿದರೆ ಕನಿಷ್ಠ ನಾಲ್ಕು ಅರ್ಥದ ಪದರಗಳು ದೊರೆಯುತ್ತವೆ: ಯಗಟಿ ಹಳ್ಳಿ, ಹಳ್ಳಿಯಲ್ಲಿ ಕರೆಂಟು ನೆಟ್ಟಗಿಲ್ಲ, ನೆಟ್ಟಗಿಲ್ಲದ ಕರೆಂಟಿನಿಂದ ಏನಾದರೂ ಆದರೆ ಅದಕ್ಕೆ ಹಳ್ಳಿಯೇ ಹೊಣೆ, ಆದ್ದರಿಂದ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಕೊನೆಯ ‘ಆದ್ದರಿಂದ’ ಹೇಗೆ ಬಂತು ಎಂದು ತರ್ಕಶಾಸ್ತ್ರಜ್ಞರು ಕೇಳಬಾರದು. ಅದು ಕೌಂಟರಿನ ಆಚೆಯ ತರ್ಕ.

ಎಕ್ಸ್‌ಚೇಂಜ್ ಬೇಕಾದರೆ ಕೊಂಡ ಏಳು ದಿನದೊಳಗೆ ಅಧಿಕೃತ ಸರ್ವಿಸ್ ಸೆಂಟರಿನಿಂದ ‘ಡಿಒಎ ಲೆಟರ್’ ತರಬೇಕು ಎಂದರು. ಡಿಒಎ ಅಂದರೇನು ಎಂದೆ. ‘ಬರುವಾಗಲೇ ಸತ್ತಿತ್ತು ಅಂತ, ದೊಡ್ಡಪ್ಪ’ ಎಂದು ಹುಡುಗಿ ಕಿವಿಯಲ್ಲಿ ಹೇಳಿದಳು. ಹಾಗಾದರೆ ಮೂರು ದಿನ ಬದುಕಿ ಸತ್ತದ್ದಕ್ಕೆ? ಅದಕ್ಕೂ ಅದೇ ಲೆಟರ್ ಅಂತೆ.

ಈಗ ಪಂಚಾಂಗ ನೋಡೋಣ. ನಾಲ್ಕನೇ ದಿನ ಶನಿವಾರ, ಅಂಗಡಿ. ಐದನೇ ದಿನ ಭಾನುವಾರ, ಸರ್ವಿಸ್ ಸೆಂಟರಿಗೆ ರಜೆ. ಆರನೇ ದಿನ ಯಗಟಿಯಿಂದ ಕಡೂರು, ಅಲ್ಲಿಂದ ಬೀರೂರು, ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗ. ಅಲ್ಲಿನವರು ಯಂತ್ರವನ್ನು ‘ಅಬ್ಸರ್ವೇಶನ್’ಗೆ ಇಟ್ಟುಕೊಂಡರು, ಐದು ದಿನ. ಹನ್ನೊಂದನೇ ದಿನ ಚೀಟಿ ಬಂತು: ‘ನೋ ಫಾಲ್ಟ್ ಫೌಂಡ್’. ಹನ್ನೆರಡನೇ ದಿನ ಅಂಗಡಿಯವರು ಚೀಟಿಯನ್ನು ನೋಡದೆಯೇ, ಏಳು ದಿನ ಆಗಿಹೋಗಿದೆಯಲ್ಲ ಸಾರ್ ಎಂದರು. ಹದಿಮೂರನೇ ದಿನ ಮನೆಯಲ್ಲಿ ಪರದೆ ಕಪ್ಪಗಾಯಿತು.

ಹನ್ನೊಂದನೇ ದಿನ ಮುಗಿಯುವ ಪರೀಕ್ಷೆಯನ್ನು ಏಳು ದಿನದ ಗಡುವಿನೊಳಗೆ ಮುಗಿಸಿ ತರಬೇಕು. ಗಣಿತದ ಮೇಷ್ಟ್ರೊಬ್ಬರನ್ನು ಕೇಳಿದೆ. ಸಾಧ್ಯವಿಲ್ಲ ಎಂದು ಹೇಳಲು ಅವರಿಗೂ ಎರಡು ನಿಮಿಷ ಬೇಕಾಯಿತು.

4. ಪಂಚಭೂತ ವಿನಾಯಿತಿ

ಎರಡನೇ ಸಲ ಶಿವಮೊಗ್ಗಕ್ಕೆ ಹೋದಾಗ ಸರ್ವಿಸ್ ಸೆಂಟರು ತನ್ನ ಕಾರಣಮೀಮಾಂಸೆಯನ್ನು ಮುಂದಿಟ್ಟಿತು. ಅದು ಸಾಂಖ್ಯರನ್ನು ನಾಚಿಸುವಂಥದ್ದು. ಪೃಥ್ವಿ, ಅಪ್, ತೇಜ, ವಾಯು, ಆಕಾಶ ಎಂಬ ಐದು ಭೂತಗಳಿಂದ ಜಗತ್ತಿನ ಸಕಲವೂ ಆಗಿದೆಯಷ್ಟೆ. ಆ ಐದರಿಂದ ಏನಾದರೂ ವಾರಂಟಿಗೆ ಬರುವುದಿಲ್ಲ.

ಪೃಥ್ವಿ ಎಂದರೆ ಧೂಳು. ಫ್ಯಾನಿನ ಹತ್ತಿರ ಧೂಳಿದೆ ಎಂದು ಫೋಟೋ ತೋರಿಸಿದರು. ಹದಿನೈದು ದಿನದ ಯಂತ್ರದಲ್ಲಿ ಧೂಳು ಬಂದದ್ದು ಯಗಟಿಯಿಂದಲೇ ಇರಬೇಕು; ಅವರ ಮೇಜಿನ ಮೇಲೆ ಬೆರಳಿನಲ್ಲಿ ನನ್ನ ಹೆಸರು ಬರೆಯಬಹುದಿತ್ತು, ಅದು ಬೇರೆ ವಿಚಾರ.

ಅಪ್ಪಿನ ವಿಷಯ ಇನ್ನೂ ಸ್ವಾರಸ್ಯಕರ. ಯಂತ್ರದ ಒಡಲಿನಲ್ಲಿ ಬಿಳಿಯ ಚೀಟಿಯೊಂದನ್ನು ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಕೆಂಪಾಯಿತೆಂದರೆ ತಪ್ಪು ಕೊಂಡವನದು. ನಮ್ಮ ಚೀಟಿ ಬೆಳ್ಳಗೇ ಇತ್ತು. ಅದನ್ನು ಅವರು ಬೆಳಕಿಗೆ ಹಿಡಿದು, ಓರೆಯಾಗಿಸಿ, ಕಣ್ಣು ಕಿರಿದು ಮಾಡಿ ನೋಡಿದ್ದು ನೋಡಿದರೆ ದನದ ಸುಳಿ ನೋಡುವವರು ನೆನಪಾಗುತ್ತಿದ್ದರು. ‘ಸ್ವಲ್ಪ ಪಿಂಕ್ ಇದೆ ಅನ್ಸುತ್ತೆ’ ಎಂದ ಒಬ್ಬ. ಕಡೂರು ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಹೊಗೆ ಬರುತ್ತದೆ. ಮನುಷ್ಯರಿಗೆ ಸಿಗದ ನೀರು ಲ್ಯಾಪ್‌ಟಾಪಿಗೆ ಎಲ್ಲಿಂದ ಸಿಕ್ಕಿತಪ್ಪ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ತೇಜಸ್ಸು ಎಂದರೆ ವೋಲ್ಟೇಜು. ‘ಹಾಂ’ ಪಠ್ಯ ಇಲ್ಲಿ ಪೂರ್ಣಪ್ರಮಾಣದಲ್ಲಿ ಅನಾವರಣಗೊಂಡಿತು. ಇಲ್ಲಿ ಅಧ್ಯಯನಕಾರನು ಒಂದು ಆಕರವನ್ನು ಮಂಡಿಸಿದನು, ಅದನ್ನು ‘ಅಡಾಪ್ಟರ್ ಶಾಸನ’ ಎಂದು ಕರೆಯಬಹುದು. ಚಾರ್ಜರಿನ ಬೆನ್ನಿನ ಮೇಲೆ, ಭೂತಗನ್ನಡಿ ಬೇಡುವ ಲಿಪಿಯಲ್ಲಿ, 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್ ಎಂದು ಕಂಪನಿಯೇ ಬರೆದಿದೆ. ನಮ್ಮ ದೇಶದ ಮನೆಗಳಿಗೆ ಕೊಡಬೇಕಾದ ಕರೆಂಟು 230 ವೋಲ್ಟ್. ಮೆಸ್ಕಾಂ ಎಷ್ಟೇ ಸೊರಗಿಸಿದರೂ 150 ಇದ್ದರೆ ಸಾಕು, ಸಹಿಸಿಕೊಳ್ಳಲಿ ಎಂದೇ ಚಾರ್ಜರನ್ನು ಹಾಗೆ ಮಾಡಿದ್ದು. ಬಲ್ಬು ಮಂಕಾದಾಗಲೂ ಲ್ಯಾಪ್‌ಟಾಪಿನ ಪರದೆ ಮಂಕಾಗದಿರುವುದು ಅದಕ್ಕೇ. ಮೇಲಾಗಿ ನಮ್ಮದು ಕಪ್ಪಗಾದದ್ದು ಚಾರ್ಜರು ಕಿತ್ತಿಟ್ಟು ಬ್ಯಾಟರಿಯ ಮೇಲೆ ಓಡುತ್ತಿದ್ದಾಗ. ಇದನ್ನು ಹೇಳಿದೆ. ಇಂಜಿನಿಯರು ಚಾರ್ಜರನ್ನು ಒಮ್ಮೆ ಓದಿ, ನನ್ನನ್ನೊಮ್ಮೆ ನೋಡಿ, ‘ಸಾರ್ ತಾವು ಏನ್ ಕೆಲಸದಲ್ಲಿದ್ರಿ?’ ಎಂದ. ಕನ್ನಡ ಮೇಷ್ಟ್ರು ಎಂದೆ. ‘ಹಾಂ’ ಎಂದ.

ವಾಯು ಮತ್ತು ಆಕಾಶಗಳ ವಿವರಣೆಯನ್ನು ಬಿಡುತ್ತಿದ್ದೇನೆ. ಹವೆ, ತೇವ, ಅಪ್‌ಡೇಟು, ಕ್ಲೌಡು ಎಂದು ಏನೇನೋ ಇತ್ತು. ಮೂರನೇ ಭೂತಕ್ಕೇ ಸಾಕಾಗಿ ಹೋಯಿತು.

5. ಪಾರಿಭಾಷಿಕ ಪದಕೋಶ (ಅಕಾರಾದಿಯಾಗಿ)

ಎಸ್ಕಲೇಟ್: ‘ತಮ್ಮ ಕಂಪ್ಲೇಂಟನ್ನು ಎಸ್ಕಲೇಟ್ ಮಾಡಿದ್ದೇವೆ’ ಎಂದರೆ ಮೇಲಕ್ಕೆ ಕಳಿಸಿದ್ದೇವೆ ಎಂದರ್ಥ. ನಮ್ಮ ಕಡೆ ಮೇಲಕ್ಕೆ ಹೋದವರು ಹಿಂತಿರುಗಿದ ಉದಾಹರಣೆ ಇಲ್ಲ.

ಟಿಕೆಟ್: ‘ಟಿಕೆಟ್ ರೈಸ್ ಆಗಿದೆ.’ ಹದಿನಾಲ್ಕು ಅಂಕಿಯ ಸಂಖ್ಯೆ. ಬಸ್ಸಿನಲ್ಲಿ ಟಿಕೆಟ್ ತಗೊಂಡರೆ ಬಸ್ಸು ಮುಂದಕ್ಕೆ ಹೋಗುತ್ತದೆ.

ಪಾಲಿಸಿ: ಯಗಟಿಯಲ್ಲಿ ಪಾಲಿಸಿ ಎಂದರೆ ಎಲ್‌ಐಸಿ. ಅದರಲ್ಲಿ ಸತ್ತಮೇಲೆ ದುಡ್ಡು ಬರುತ್ತದೆ. ಇದರಲ್ಲಿ ಯಂತ್ರ ಸತ್ತರೂ ಬರುವುದಿಲ್ಲ.

ಟೋಲ್-ಫ್ರೀ: ‘ಕನ್ನಡಕ್ಕಾಗಿ ಮೂರನ್ನು ಒತ್ತಿ.’ ಒತ್ತಿದೆ. ಹಿಂದಿ ಬಂತು.

ಅಕಾರಾದಿ ತಪ್ಪಿದೆ ಎಂದು ಪಂಡಿತರು ಆಕ್ಷೇಪಿಸಬಹುದು. ತಪ್ಪಿದೆ. ಈ ಪದಗಳನ್ನು ಅವು ನನ್ನ ತಲೆಯ ಮೇಲೆ ಬಿದ್ದ ಕ್ರಮದಲ್ಲೂ ಕೊಟ್ಟಿಲ್ಲ, ಇಷ್ಟು ಬರೆಯುವಷ್ಟರಲ್ಲಿ ಮೊಬೈಲಿಗೆ ಮೆಸೇಜು ಬಂತು: ತಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಿ ಮುಚ್ಚಲಾಗಿದೆ, ತಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಪದಕೋಶವೂ ಮುಚ್ಚಿತು.

7. ವಾರಂಟಿ ಶಾಸನ: ಪಾಠ, ಪಾಠಾಂತರ, ಶಾಪಾಶಯ

(ಆರನೇ ಅಧ್ಯಾಯ ಅಬ್ಸರ್ವೇಶನ್ನಿನಲ್ಲಿದೆ.)

ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೇ ಸಂಪುಟದಲ್ಲಿ ಈ ಸೀಮೆಯ ಶಾಸನಗಳನ್ನು ಕಲೆಹಾಕಿದಾಗ ಜಿಲ್ಲೆಯ ಹೆಸರು ಚಿಕ್ಕಮಗಳೂರು ಅಲ್ಲ, ಕಡೂರು. ಹೊಲದ ಬದುವಿನಲ್ಲಿ ಬಿದ್ದ ಕಲ್ಲಿಗೂ ಅವರು ಒಂದು ಸಂಖ್ಯೆ ಕೊಟ್ಟರು. ಅದೇ ಪರಂಪರೆಯಲ್ಲಿ ಲ್ಯಾಪ್‌ಟಾಪಿನ ಡಬ್ಬಿಯಲ್ಲಿ ದೊರೆತ ಕಾಗದವನ್ನು ‘ಕಡೂರು ತಾಲ್ಲೂಕು, ಯಗಟಿ, ವಾರಂಟಿ 1’ ಎಂದು ದಾಖಲಿಸಬಹುದು.

ದಾನಶಾಸನಗಳ ವಿನ್ಯಾಸ ಕನ್ನಡ ಎಂಎ ಓದಿದವರಿಗೆಲ್ಲ ಗೊತ್ತು. ಮೊದಲು ದೇವತಾಸ್ತುತಿ, ಆಮೇಲೆ ರಾಜನ ಬಿರುದಾವಳಿ, ಆಮೇಲೆ ಏನು ದಾನ, ಯಾರಿಗೆ, ದಾನದ ಭೂಮಿಯ ಎಲ್ಲೆ, ಮೂಡಣಕ್ಕೆ ಹುಣಸೆಮರ, ತೆಂಕಣಕ್ಕೆ ಹಳ್ಳ, ಸಾಕ್ಷಿಗಳು, ಕೊನೆಯಲ್ಲಿ ಶಾಪಾಶಯ. ಕೊಟ್ಟ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನೆ ಎಂದು ಕಲ್ಲಿನ ಮೇಲೆ ಕೊರೆದಿಡುತ್ತಿದ್ದರು.

ಯಗಟಿ ವಾರಂಟಿಯಲ್ಲಿ ಇವೆಲ್ಲ ಇವೆ. ‘ಗೌರವಾನ್ವಿತ ಗ್ರಾಹಕರೇ, ನಮ್ಮ ಕುಟುಂಬಕ್ಕೆ ಸ್ವಾಗತ’ ಎಂಬುದು ಸ್ತುತಿ. ಕಂಪನಿ ಎಷ್ಟು ದೇಶದಲ್ಲಿದೆ ಎಂಬುದು ಬಿರುದಾವಳಿ. ಒಂದು ವರ್ಷ ಎಂಬುದು ದಾನ. ಎಲ್ಲೆಗಳನ್ನು ಮಾತ್ರ ಬಹಳ ವಿಸ್ತಾರವಾಗಿ ಹೇಳಿದೆ. ಮೂಡಣಕ್ಕೆ ಧೂಳು, ತೆಂಕಣಕ್ಕೆ ನೀರು, ಪಡುವಣಕ್ಕೆ ವೋಲ್ಟೇಜು, ಬಡಗಣಕ್ಕೆ ‘ಕಂಪನಿಯ ವಿವೇಚನೆಯೇ ಅಂತಿಮ’. ಈ ನಾಲ್ಕು ಎಲ್ಲೆಗಳ ನಡುವೆ ಉಳಿದ ಭೂಮಿಯಲ್ಲಿ ಒಂದು ಎಮ್ಮೆ ಕಟ್ಟಲೂ ಜಾಗವಿಲ್ಲ.

ಶಾಪಾಶಯವೂ ಇದೆ. ಆದರೆ ಇಲ್ಲಿ ಒಂದು ಪಲ್ಲಟ ಸಂಭವಿಸಿದೆ. ಹಳೆಯ ಶಾಸನದಲ್ಲಿ ಶಾಪ ತಟ್ಟುವುದು ದಾನಕ್ಕೆ ತಪ್ಪಿದವನಿಗೆ, ಅವನು ಅರಸನೇ ಆಗಿರಲಿ. ಇಲ್ಲಿ ಶಾಪ ತಟ್ಟುವುದು ದಾನ ಪಡೆದವನಿಗೆ: ಸೀಲು ತೆರೆದರೆ, ಬೇರೆಯವರ ಕೈಲಿ ಬಿಚ್ಚಿಸಿದರೆ, ಡಬ್ಬಿ ಕಳೆದರೆ, ಥರ್ಮೋಕೋಲು ಎಸೆದರೆ. ನಾನು ಥರ್ಮೋಕೋಲನ್ನು ಕೊಬ್ಬರಿ ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದೇನೆ. ಇಲಿ ಒಂದು ಮೂಲೆ ತಿಂದಿದೆ. ಅದು ವಾರಂಟಿಯ ಯಾವ ಭೂತಕ್ಕೆ ಬರುತ್ತದೋ ತಿಳಿಯದು.

ಕೋಡಂಗಿ–ಈರಭದ್ರ ಸಿದ್ಧಾಂತದ ಪುನರ್ವ್ಯಾಖ್ಯಾನ

ಪಾಶ್ಚಾತ್ಯ ಸಿದ್ಧಾಂತಗಳ ಹಂಗಿಲ್ಲದೆ ದೇಸಿ ನೆಲೆಯಿಂದಲೇ ಈ ವಿದ್ಯಮಾನವನ್ನು ವಿವರಿಸುವ ಸೂತ್ರ ನಮ್ಮಲ್ಲಿದೆ: ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇದನ್ನು ಈವರೆಗೆ ಕೈಸಾಲಕ್ಕೆ ಸಂಬಂಧಿಸಿದ ಗಾದೆ ಎಂದಷ್ಟೇ ಸಂಕುಚಿತವಾಗಿ ಓದಲಾಗಿದೆ. ದುಡ್ಡು ಕೌಂಟರಿನ ಈಚೆಯಿಂದ ಆಚೆ ದಾಟಿದ ಗಳಿಗೆಯಲ್ಲಿ ನಡೆಯುವ ರೂಪಾಂತರವನ್ನು ಇದಕ್ಕಿಂತ ನಿಖರವಾಗಿ ಹೇಳಲು ಸಾಧ್ಯವಿಲ್ಲ. ದಾಟುವ ಮುನ್ನ ನಾನು ‘ಸಾರ್, ಕೂತ್ಕೊಳಿ, ಟೀ ತಗೋತೀರಾ’ ಆಗಿದ್ದೆ. ಆಗ ಕುರ್ಚಿಯೂ ಇತ್ತು! ದಾಟಿದ ಮೇಲೆ ‘ಅಂಕಲ್, ಸ್ವಲ್ಪ ಸೈಡಿಗೆ ಬನ್ನಿ, ಬೇರೆ ಕಸ್ಟಮರ್ ಇದಾರೆ’ ಆದೆ.

ಈ ಸಿದ್ಧಾಂತವನ್ನು ಕೋಷ್ಟಕ ಹಾಕಿ, ಮೂರು ಉಪವಿಭಾಗ ಮಾಡಿ ವಿವರಿಸುವ ಆಲೋಚನೆ ಇತ್ತು. ಬೇಡ. ಒಂದು ಮಾತು ಹೇಳಬೇಕಾಗಿದೆ, ಅದಕ್ಕೆ ಕೋಷ್ಟಕ ಬೇಡ.

ನಮ್ಮ ಕಡೆ ಈರುಳ್ಳಿ ಬೆಳೆಯುತ್ತಾರೆ. ಕಿತ್ತು, ಒಣಗಿಸಿ, ಜುಟ್ಟು ಕೊಯ್ದು, ಆರಿಸಿ, ಚೀಲಕ್ಕೆ ತುಂಬಿ ರಾತ್ರಿ ಲಾರಿಗೆ ಹೇರಿ ಬೆಂಗಳೂರಿಗೆ ಒಯ್ಯುತ್ತಾರೆ. ಬೆಳಗಿನ ಜಾವ ಮಂಡಿಯಲ್ಲಿ ಕೊಳ್ಳುವವನು ಬಂದು ಚೀಲದ ಹೊಲಿಗೆ ಬಿಚ್ಚಿ ಕೈ ಹಾಕುತ್ತಾನೆ. ನಾಲ್ಕು ಗಡ್ಡೆ ತೆಗೆಯುತ್ತಾನೆ. ಒಂದನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ‘ಮಳೆ ಹೊಡೆದಿದೆ’ ಎನ್ನುತ್ತಾನೆ. ಅಷ್ಟೆ. ಆ ಮೂರು ಸೆಕೆಂಡಿನಲ್ಲಿ ಇಡೀ ಲಾರಿಯ ಬೆಲೆ ಇಳಿದುಹೋಗುತ್ತದೆ. ಯಾವ ಅಬ್ಸರ್ವೇಶನ್ನೂ ಇಲ್ಲ, ಯಾವ ಲೆಟರೂ ಇಲ್ಲ. ಆ ಗಡ್ಡೆ ಮಂಡಿಗೆ ಬಂದಮೇಲೆ ಕೊಳೆಯಿತೋ, ನಿಮ್ಮ ಗೋಡೌನಿನ ಧೂಳಿನಿಂದ ಕೊಳೆಯಿತೋ ಎಂದು ರೈತ ಕೇಳುವ ಹಾಗಿಲ್ಲ. ತಿರುಗಿ ಊರಿಗೆ ಹೇರಿಕೊಂಡು ಹೋಗಲು ಲಾರಿ ಬಾಡಿಗೆ ಇಲ್ಲ. ಕೊಬ್ಬರಿಯಲ್ಲೂ ಇದೇ: ಒಂದು ಗಿಟುಕು ಒಡೆದು ಮೂಸಿ ನೋಡಿ, ಸೂಟು ಎಂದು ತೂಕದಲ್ಲಿ ಕಡಿದು, ಬೂಷ್ಟು ಎಂದು ದರದಲ್ಲಿ ಕಡಿದು, ಆಮೇಲೆ ಲೆಕ್ಕ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಹೋದರೆ ತೇವ ಅಳೆಯುವ ಯಂತ್ರ ಇರುತ್ತದೆ. ಅದು ಏನು ತೋರಿಸಿತೋ ಅದೇ ವೇದ. ಅದರ ವಾರಂಟಿ ಕಾರ್ಡು ಯಾರೂ ಕೇಳಿಲ್ಲ.

ನಾವು ಮಾರುವಾಗ ದೋಷ ಇದೆ ಎಂದು ಹೇಳುವವನು ಕೊಳ್ಳುವವನು. ನಾವು ಕೊಳ್ಳುವಾಗ ದೋಷ ಇಲ್ಲ ಎಂದು ಹೇಳುವವನು ಮಾರುವವನು. ಎರಡು ಸಲವೂ ಹೇಳುವವನು ಕೌಂಟರಿನ ಆಚೆ ಇದ್ದಾನೆ, ನಾವು ಈಚೆ. ನನಗೆ ಸಿಟ್ಟು ಬಂದಿರುವುದು ಲ್ಯಾಪ್‌ಟಾಪು ಕೆಟ್ಟಿದ್ದಕ್ಕಲ್ಲ. ಯಂತ್ರ ಕೆಡುತ್ತದೆ. ಅದನ್ನು ಕಣ್ಣಾರೆ ಕಂಡ ಹುಡುಗಿಯ ಮಾತಿಗೆ ಬೆಲೆ ಇಲ್ಲದ್ದಕ್ಕೆ.

ನಮ್ಮಪ್ಪ ಒಂದು ಸಲ ಎತ್ತು ಮಾರಿದ್ದರು, ದನದ ಜಾತ್ರೆಯಲ್ಲಿ. ದನದ ವ್ಯಾಪಾರದಲ್ಲಿ ಮೋಸ ಇರಲಿಲ್ಲ ಎಂದು ನಾನು ಹೇಳಲಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯಾಪಾರದಲ್ಲಿ ಏನು ಬೇಕಾದರೂ ನಡೆಯುತ್ತದೆ. ಆದರೆ ಮಾಲು ಬಯಲಲ್ಲಿ ನಿಂತಿರುತ್ತದೆ. ಹಲ್ಲು ಎಣಿಸಬಹುದು, ಸುಳಿ ನೋಡಬಹುದು, ಗಾಡಿ ಕಟ್ಟಿ ಓಡಿಸಬಹುದು. ಬೀರೂರಿನಲ್ಲಿ ಅಮೃತ ಮಹಲ್ ಹೋರಿಗಳನ್ನು ಹರಾಜು ಹಾಕುವಾಗ ಇವತ್ತಿಗೂ ಜೋಡಿಯನ್ನು ಜನರ ಮುಂದೆ ತಂದು ನಿಲ್ಲಿಸುತ್ತಾರೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆದ ತಳಿ ಅದು. ಅಷ್ಟು ದೊಡ್ಡ ಹೆಸರಿನ ಹೋರಿಯನ್ನೂ ಡಬ್ಬಿಯಲ್ಲಿಟ್ಟು ಸೀಲು ಮಾಡಿ, ‘ತೆರೆದರೆ ವಾಪಸಿಲ್ಲ’ ಎಂದು ಯಾರೂ ಮಾರಿದ್ದಿಲ್ಲ.

ಅಪ್ಪ ಮಾರಿದ ಎತ್ತು ನೊಗ ಹೊರಿಸಿದರೆ ಅರ್ಧ ಸಾಲಿಗೆ ಮಲಗಿಬಿಡುತ್ತಿತ್ತಂತೆ. ಎಂಟನೇ ದಿನಕ್ಕೆ ಕೊಂಡವನು ಅದನ್ನು ಹೊಡೆದುಕೊಂಡು ಮನೆಗೆ ಬಂದ. ಅಪ್ಪ ಕೇಳಿದ್ದು ಒಂದೇ ಮಾತು: ‘ಮಲಗ್ತದಾ?’ ಅವನು ‘ಮಲಗ್ತದೆ ಗೌಡ್ರೆ’ ಎಂದ. ಅಪ್ಪ ಎತ್ತನ್ನು ಕಟ್ಟಿಹಾಕಿ, ದುಡ್ಡು ಎಣಿಸಿ ಕೊಟ್ಟು, ಮುದ್ದೆ ಉಂಡು ಹೋಗು ಎಂದರು. ಹೊಲಕ್ಕೆ ಹೋಗಿ ಪರೀಕ್ಷೆ ಮಾಡಲಿಲ್ಲ. ಅದು ಅಪ್ಪನ ದೊಡ್ಡತನ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಮುಂದಿನ ವರ್ಷದ ಜಾತ್ರೆಗೆ ಅವರು ಅದೇ ಮುಖ ಹೊತ್ತುಕೊಂಡು ಹೋಗಬೇಕಿತ್ತು, ಅಷ್ಟೆ. ಅಂಗಡಿಗೆ ಮೂರನೇ ಸಲ ಹೋದಾಗ ನನಗೆ ‘ಹಾಂ’ ಎಂದಿದ್ದ ಹುಡುಗ ಅಲ್ಲಿರಲಿಲ್ಲ. ಕೆಲಸ ಬಿಟ್ಟಿದ್ದಾನೆ ಎಂದರು. ಅವನ ಜಾಗದಲ್ಲಿದ್ದ ಹೊಸ ಹುಡುಗ, ‘ಹೇಳಿ ಸಾರ್, ಏನ್ ಪ್ರಾಬ್ಲಂ’ ಎಂದು ಮೊದಲಿನಿಂದ ಶುರು ಮಾಡಿದ. ಆ ಹುಡುಗರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಶಿಷ್ಯರಂಥವರೇ. ತಿಂಗಳಿಗೆ ಏನೋ ಒಂದಿಷ್ಟು ಸಂಬಳಕ್ಕೆ, ತಾವು ಮಾಡದ ತಪ್ಪಿಗೆ ದಿನವಿಡೀ ಬೈಸಿಕೊಳ್ಳುವ ಕೆಲಸ. ಮುಖ ಇರುವವರು ಯಾರೋ, ಬೇರೆಲ್ಲೋ ಇದ್ದಾರೆ. ಅವರ ಮುಖ ನಾನು ನೋಡಿಲ್ಲ.

ಪ್ರಬಂಧದ ಹಾದಿ ತಪ್ಪಿತು. ಕ್ಷಮಿಸಿ.

9. ಕಾನೂನಿನ ಪರಿಪ್ರೇಕ್ಷ್ಯ

ಈ ಅಧ್ಯಾಯದಲ್ಲಿ ಜಾರ್ಗನ್ನು ಬಳಸಬೇಕಾಗಿಲ್ಲ. ಆಶ್ಚರ್ಯವೆಂದರೆ, ಇಡೀ ವ್ಯವಹಾರದಲ್ಲಿ ನೆಟ್ಟಗೆ ಮಾತಾಡುವುದು ಕಾನೂನೊಂದೇ.

ಗ್ರಾಹಕ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಅದರ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷ ಎಂದರೇನು ಎಂದು ಅದು ಎರಡನೇ ಕಲಮಿನಲ್ಲೇ ಹೇಳುತ್ತದೆ: ಮಾಲಿನ ಗುಣಮಟ್ಟ, ಪ್ರಮಾಣ, ಸತ್ವ, ಶುದ್ಧತೆಗಳಲ್ಲಿ ಇರಬೇಕಾದಷ್ಟು ಇಲ್ಲದಿರುವ ಯಾವುದೇ ಕುಂದು. ಏಳು ದಿನದೊಳಗೆ ಕಂಡ ಕುಂದು ಮಾತ್ರ ಎಂದು ಹೇಳುವುದಿಲ್ಲ. ಕೆಟ್ಟ ಮಾಲನ್ನು ಮಾರಿ, ಅದನ್ನು ವಾಪಸು ತಗೊಂಡು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ದುಡ್ಡು ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ ಮೂವತ್ತು ದಿನ. ನನ್ನ ಬಿಲ್ಲಿನಲ್ಲಿ ಏಳು ದಿನ ಎಂದು ಎಲ್ಲೂ ಇರಲಿಲ್ಲ. ಅದು ಕೌಂಟರಿನ ಹಿಂದಿನ ಗೋಡೆಯಲ್ಲಿತ್ತು, ಕ್ಯಾಲೆಂಡರಿನ ಕೆಳಗೆ.

ದೂರನ್ನು ಅಂಗಡಿ ಇರುವ ಊರಲ್ಲೇ ಕೊಡಬೇಕೆಂದಿಲ್ಲ, ದೂರುದಾರ ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ನಮಗೆ ಅದು ಚಿಕ್ಕಮಗಳೂರು. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆಯೋಗ ಮೂರು ತಿಂಗಳೊಳಗೆ, ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು. ಕುಂದನ್ನು ಸರಿಪಡಿಸು, ಇಲ್ಲ ಬದಲಿ ಕೊಡು, ಇಲ್ಲ ದುಡ್ಡು ಕೊಡು ಎಂದು ಆದೇಶಿಸುವ ಅಧಿಕಾರ ಅದಕ್ಕಿದೆ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ನಾನು ಮಾಡಿದೆ. ಅಲ್ಲೂ ಒಂದು ಸಂಖ್ಯೆ ಕೊಟ್ಟರು. ಆದರೆ ಟಿಕೆಟ್ ಎನ್ನಲಿಲ್ಲ.

ಇಷ್ಟೆಲ್ಲ ಇದ್ದೂ ಜನ ಯಾಕೆ ಹೋಗುವುದಿಲ್ಲ? ಈರುಳ್ಳಿ ಕೀಳುವ ಕಾಲದಲ್ಲಿ ಒಂದು ದಿನ ಚಿಕ್ಕಮಗಳೂರಿಗೆ ಹೋಗಿ ಬರುವುದೆಂದರೆ ಏನು ಎಂದು ಲೆಕ್ಕ ಹಾಕಿದವರಿಗೆ ಉತ್ತರ ಗೊತ್ತು. ಅಂಗಡಿಯವರಿಗೂ ಆ ಲೆಕ್ಕ ಗೊತ್ತಿದೆ. ನಾನು ಪಿಂಚಣಿದಾರ, ನನಗೆ ಬೇರೆ ಕೆಲಸವಿಲ್ಲ. ಅದನ್ನು ಮಾತ್ರ ಅವರು ಲೆಕ್ಕ ಹಾಕಿರಲಿಲ್ಲ.

10. ಉಪಸಂಹಾರದ ಬದಲಿಗೆ

ಹುಡುಗಿ ಸೆಮಿಸ್ಟರ್ ಪರೀಕ್ಷೆಯನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓದಿ ಬರೆದಳು. ನಮ್ಮದು ನಾಲ್ಕನೇ ಸಲ ಶಿವಮೊಗ್ಗದಿಂದ ಬಂದಿದೆ, ಮದರ್‌ಬೋರ್ಡ್ ಬದಲಿಸಿದ್ದೇವೆ ಎಂಬ ಚೀಟಿಯೊಂದಿಗೆ. ಫಾಲ್ಟೇ ಇಲ್ಲದ ಯಂತ್ರಕ್ಕೆ ಮದರ್‌ಬೋರ್ಡ್ ಯಾಕೆ ಬದಲಿಸಿದಿರಿ ಎಂದು ಕೇಳುವ ಚೈತನ್ಯ ಆ ದಿನ ಇರಲಿಲ್ಲ. ಈಗ ಅದು ಎರಡು ಗಂಟೆಗೊಮ್ಮೆ ಕಪ್ಪಗಾಗುತ್ತದೆ.

ಮೊನ್ನೆ ಆಯೋಗಕ್ಕೆ ಅರ್ಜಿ ಬರೆಯಲು ಕೂತು ಫೈಲು ತೆಗೆದೆ. ವಾರಂಟಿ ಕಾರ್ಡು, ನಾಲ್ಕು ಸರ್ವಿಸ್ ಚೀಟಿ, ಬಸ್ ಟಿಕೆಟ್ಟುಗಳು ಎಲ್ಲ ಇದ್ದವು. ಬಿಲ್ಲೂ ಇತ್ತು. ಆದರೆ ಅದರ ಮೇಲೆ ಏನೂ ಇರಲಿಲ್ಲ. ಅಂಗಡಿಗಳಲ್ಲಿ ಸಣ್ಣ ಯಂತ್ರದಿಂದ ಕರಕರ ಎಂದು ಹೊರಬರುವ ಆ ನುಣುಪು ಕಾಗದಕ್ಕೆ ಶಾಯಿ ಹಾಕುವುದಿಲ್ಲ; ಬಿಸಿಗೆ ಕಪ್ಪಾಗುವ ಲೇಪದ ಮೇಲೆ ಅಕ್ಷರ ಮೂಡಿಸುತ್ತಾರೆ. ಸೆಕೆಗೆ, ಬೆಳಕಿಗೆ, ಪ್ಲಾಸ್ಟಿಕ್ ಕವರಿನ ಸಹವಾಸಕ್ಕೆ ಅದು ಅಳಿಸಿಹೋಗುತ್ತದೆ. ಹೊಲದ ಬದುವಿನ ವೀರಗಲ್ಲು ಎಂಟುನೂರು ವರ್ಷದ ಮಳೆಬಿಸಿಲು ತಿಂದೂ ಯಾರು ಯಾರ ದನಕ್ಕಾಗಿ ಸತ್ತರು ಎಂದು ಹೇಳುತ್ತದೆ. ನನ್ನ 52,990 ರೂಪಾಯಿಯ ಶಾಸನ ಎಂಟು ತಿಂಗಳಿಗೆ ಬೆಳ್ಳಗಾಗಿದೆ. ಹುಡುಗಿ ಕೊಂಡ ದಿನವೇ ಮೊಬೈಲಿನಲ್ಲಿ ಅದರ ಫೋಟೋ ಹಿಡಿದಿದ್ದಳು. ಅದರಿಂದ ಬದುಕಿದೆ.

ಓದುಗರೇ, ಹೊಸದಾಗಿ ಏನಾದರೂ ಕೊಂಡಿದ್ದರೆ ಆ ಬಿಲ್ಲನ್ನು ಈವತ್ತೇ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ನಮ್ಮೂರಲ್ಲಿ ಒಂದು ಪುಟಕ್ಕೆ ಎರಡು ರೂಪಾಯಿ.